ಗೇಣೆತ್ತರದ ಕಿಟಕಿ

ಜನವರಿ ೬

ಮೇಸ್ತ್ರಿಯವರಿಗೆ,

ಪಾಯ ಮುಗಿಯಿತೆಂದು ನೀವು ಫೋನಿನಲ್ಲಿ ಹೇಳಿದ್ದು ಕೇಳಿಸಿಕೊಂಡೆ. ಇನ್ನು ಮುಂದೆ ಫೋನು ಬೇಡ. ಫೋನಿನಲ್ಲಿ ಆಡಿದ ಮಾತನ್ನು ನಾಳೆ "ನಾನೆಲ್ಲಿ ಹಾಗಂದೆ?" ಎಂದು ಯಾರು ಬೇಕಾದರೂ ನುಂಗಿ ನೀರು ಕುಡಿಯಬಹುದು. ಕಾಗದಕ್ಕೆ ಆ ಗುಣವಿಲ್ಲ. ನಿಮ್ಮ ಪ್ರತಿ ಪತ್ರವನ್ನೂ ತಾರೀಖಿನ ಪ್ರಕಾರ ಜೋಡಿಸಿಡುತ್ತೇನೆ. ನೀವೂ ನನ್ನವನ್ನು ಇಟ್ಟುಕೊಳ್ಳಿ. ಮಾತು ಬಂದ ದಿನ ಸಾಕ್ಷಿಗೆ ಬೇಕಾಗುತ್ತದೆ.

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಮೇಸ್ತ್ರಿಗಳ ಮೇಲೆ ನಂಬಿಕೆಯಿಲ್ಲ. ಮಣ್ಣಿನ ಮನೆ ಕಟ್ಟುವವರು ಈ ಸುತ್ತಿನಲ್ಲಿ ನೀವೊಬ್ಬರೇ ಉಳಿದಿರುವುದರಿಂದ ನಿಮ್ಮ ಹತ್ತಿರ ಬಂದೆ.

ನಮ್ಮವರ ವಿಷಯ ನಿಮಗೆ ಅರ್ಧ ಗೊತ್ತು. ಪೂರ್ತಿ ತಿಳಿದಿರಲಿ. ಬೇಕರಿಯ ಒಲೆ ಸಿಡಿದಾಗ ಅವರ ಎದೆ, ಬೆನ್ನು, ಎರಡೂ ತೋಳು ಸುಟ್ಟವು. ಗಾಯ ಮಾಯಿತು. ಆದರೆ ಸುಟ್ಟ ಚರ್ಮಕ್ಕೆ ಬೆವರಲು ಬರುವುದಿಲ್ಲ. ಬೆವರದ ಮೈಯಲ್ಲಿ ಸೆಕೆ ಒಳಗೇ ನಿಲ್ಲುತ್ತದೆ. ಹೋದ ಬೇಸಿಗೆಯಲ್ಲಿ ಬಾಡಿಗೆಯ ತಗಡಿನ ಕೋಣೆಯಲ್ಲಿ ಎರಡು ಸಲ ಪ್ರಜ್ಞೆ ತಪ್ಪಿತು. "ಇನ್ನೊಂದು ಬೇಸಿಗೆ ಅಲ್ಲೇ ಕಳೆದರೆ ನಾನು ಜವಾಬ್ದಾರನಲ್ಲ" ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ದಪ್ಪ ಮಣ್ಣಿನ ಗೋಡೆ, ಅದಕ್ಕೇ ಹುಲ್ಲಿನ ಸೂರು. ಚೆಂದಕ್ಕಲ್ಲ.

ನಾನು ಮೀನು, ಸಿಗಡಿ ಹೆಪ್ಪುಗಟ್ಟಿಸುವ ಕಾರ್ಖಾನೆಯಲ್ಲಿದ್ದೇನೆ. ಜೂನ್‌ವರೆಗೆ ಕರಾರು, ನಡುವೆ ಬರಲಾಗುವುದಿಲ್ಲ. ಗೋಡೆ, ಕಿಟಕಿಗಳಿಗೆ ಎಂಜಿನಿಯರರು ಬರೆದ ನಕ್ಷೆ ಈ ಪತ್ರದ ಜೊತೆಗಿದೆ. ಅದರ ಗೆರೆ ದಾಟಬೇಡಿ. ಮಾರ್ಚ್ ಕೊನೆಗೆ ಅವರು ಒಳಗೆ ಮಲಗುವಂತಾಗಬೇಕು.

ಇಂತಿ,
ನಿವೇಶನದ ಒಡತಿ


ಜನವರಿ ೧೭

ಅಮ್ಮನವರಿಗೆ ನಮಸ್ಕಾರ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನಿಮ್ಮ ಪತ್ರ ಓದಿದ ಮೇಲೆ, ಕಟ್ಟಿಸುವವರ ಕಾಗದ ಓದಿ ನೋಡು ಎಂದೂ ಸೇರಿಸಬಹುದು ಅನ್ನಿಸಿತು. ಬೇಜಾರೇನಿಲ್ಲ. ನಲವತ್ತು ವರ್ಷ ಮಣ್ಣು ತುಳಿದ ಕಾಲಿಗೆ ಇಂಥ ಮುಳ್ಳು ನಾಟುವುದಿಲ್ಲ.

ನಿಮ್ಮ ನಿವೇಶನದ ಮಣ್ಣನ್ನೇ ಉಂಡೆ ಮಾಡಿ, ಒಂದು ರಾತ್ರಿ ಒಣಗಿಸಿ, ಭುಜದೆತ್ತರದಿಂದ ಬೀಳಿಸಿದೆ. ಪುಡಿಯಾದರೆ ಮರಳು ಹೆಚ್ಚು, ಹಾಗೇ ಚಪ್ಪಟೆಯಾಗಿ ಕೂತರೆ ಜಿಗುಟು ಹೆಚ್ಚು. ನಿಮ್ಮದು ನಾಲ್ಕು ಹೋಳಾಯಿತು. ಒಳ್ಳೆಯ ಮಣ್ಣು. ಒಡತಿಗಿಂತ ಮೆತ್ತಗಿದೆ.

ನಕ್ಷೆ ನೋಡಿದೆ. ಗೆರೆಗಳು ನೆಟ್ಟಗಿವೆ. ಆದರೆ ಆ ಮನೆಯಲ್ಲಿ ಯಾರಿರುತ್ತಾರೆ ಎಂಬುದು ನಕ್ಷೆಯಲ್ಲಿಲ್ಲ. ನನ್ನದೊಂದು ಕ್ರಮವಿದೆ. ಮನೆಯಲ್ಲಿ ಇರುವ ಪ್ರತಿಯೊಬ್ಬರ ನೂಲು ನನಗೆ ಬೇಕು. ಕೂತಾಗ ನೆಲದಿಂದ ಮಂಡಿಗೆ ಎಷ್ಟು, ಮಲಗಿದಾಗ ನೆಲದಿಂದ ಮೂಗಿಗೆ ಎಷ್ಟು, ಹೀಗೆ ಒಂದು ದಾರದಲ್ಲಿ ಅಳೆದು ಗಂಟು ಹಾಕಿ ಕೊಡಬೇಕು. ತಣ್ಣನೆಯ ಗಾಳಿ ಕೆಳಗಿನಿಂದ ಬರುತ್ತದೆ, ಬಿಸಿ ಮೇಲಿನ ಸಂದಿಯಿಂದ ಹೋಗುತ್ತದೆ. ಆ ದಾರಿಯಲ್ಲಿ ಮಲಗುವವನ ಮೂಗು ಎಲ್ಲಿದೆಯೆಂದು ಗೊತ್ತಿಲ್ಲದೆ ಕಿಟಕಿ ಇಟ್ಟರೆ ಗಾಳಿ ಬಂದು ಗೋಡೆಗೆ ಮುತ್ತಿಟ್ಟು ಹೋಗುತ್ತದೆ. ನಿಮ್ಮದೂ ಕಳಿಸಿ.

ಇಂತಿ,
ಮಣ್ಣಿನ ಮೇಸ್ತ್ರಿ


ಜನವರಿ ೨೯

ಮೇಸ್ತ್ರಿಯವರಿಗೆ,

ನನ್ನ ಮೈಯಳತೆಯ ದಾರ ನಿಮಗೇಕೆ? ದಾರಕ್ಕೆ ಗಂಟು ಹಾಕಿಸಿಕೊಂಡು ಏನೇನೋ ಮಾಡುವವರ ಕಥೆ ನಾನೂ ಕೇಳಿದ್ದೇನೆ. ಇಂಚು, ಅಡಿ ಎಂಬುದು ಇರುವಾಗ ನೂಲು ಕೇಳುವವರು ಒಂದೋ ಲೆಕ್ಕ ಬಾರದವರು, ಇಲ್ಲವೇ ಲೆಕ್ಕ ತಪ್ಪಿಸುವವರು.

ಅಳತೆ ಬೇಕಿದ್ದರೆ ಬರೆದುಕೊಳ್ಳಿ. ನಮ್ಮವರು ಮಲಗುವುದು ಮಂಚದ ಮೇಲೆ. ಹೊರಡುವ ಹಿಂದಿನ ದಿನ ನಾನೇ ನಿಂತು ಆರಿಸಿ ತಂದ ಮಂಚ, ಮೆತ್ತನೆಯ ಹಾಸಿಗೆ ಸೇರಿ ಎರಡಡಿ ಎತ್ತರ. ಕಿಟಕಿಯ ಕೆಳಗಿನ ಅಂಚು ನಕ್ಷೆಯಲ್ಲಿರುವಂತೆ ನೆಲದಿಂದ ಮೂರಡಿಗೆ ಬರಬೇಕು. ಮುಗಿಯಿತು.

ಅಳತೆಯ ನೆಪ ಮಾಡಿಕೊಂಡು ನಮ್ಮವರ ಹತ್ತಿರ ಹೋಗಬೇಡಿ. ಅವರಿಗೆ ಯಾರಿಗೂ ಇಲ್ಲ ಎನ್ನಲು ಬರುವುದಿಲ್ಲ. ಅವರು ಹೊರಗೆ ಕಾಲಿಡಬಾರದೆಂದು ನಾನು ಮಾತು ತೆಗೆದುಕೊಂಡಿದ್ದೇನೆ. ಹದಿನೈದು ದಿನಕ್ಕೊಮ್ಮೆ ಬರೆಯುತ್ತಾರೆ, "ಚೆನ್ನಾಗಿದ್ದೇನೆ, ಮಂಚ ಚೆನ್ನಾಗಿದೆ, ನೀನು ಹೇಗಿದ್ದೀಯ" ಎಂದು. ಅಷ್ಟು ಸಾಕು ನನಗೆ.

ಇಂತಿ,
ಒಡತಿ


ಫೆಬ್ರವರಿ ೯

ಅಮ್ಮನವರಿಗೆ,

ಮೊದಲ ವರಸೆ ಎದ್ದಿದೆ, ಮೊಣಕಾಲಿನೆತ್ತರ. ಗೋಡೆಯ ದಪ್ಪ ಒಂದೂವರೆ ಅಡಿ. ಇನ್ನು ಹತ್ತು ದಿನ ಅದರ ಮೇಲೆ ಕೈ ಇಡುವುದಿಲ್ಲ. ಕೆಳಗಿನದು ಒಣಗದೆ ಮೇಲೆ ಹೇರಿದರೆ ಹೊಟ್ಟೆ ಉಬ್ಬಿ ಕೂತುಬಿಡುತ್ತದೆ. ನಾನು ಸುಮ್ಮನೆ ಕೂತಿದ್ದೇನೆಂದು ಯಾರಾದರೂ ನಿಮಗೆ ಬರೆದರೆ ನಂಬಿ, ಕೂತಿರುವುದು ನಿಜ. ಗೋಡೆ ಕೆಲಸ ಮಾಡುತ್ತಿದೆ.

ಮಣ್ಣು ತುಳಿಯಲು ಹೊಸ ಆಳೊಬ್ಬ ಬಂದಿದ್ದಾನೆ. ಬೆಳಕು ಹರಿಯುವ ಮೊದಲೇ ಬರುತ್ತಾನೆ, ಗರಿಯ ಚಪ್ಪರದ ನೆರಳಿನಲ್ಲೇ ಇರುತ್ತಾನೆ, ಹೊತ್ತು ಮುಳುಗಿದ ಮೇಲೆ ಹೋಗುತ್ತಾನೆ. ಕೂಲಿ ಬೇಡವಂತೆ. ಅವನು ತುಳಿದ ಮಣ್ಣಿನಲ್ಲಿ ಒಂದೂ ಗಂಟು ಸಿಕ್ಕುವುದಿಲ್ಲ, ನಾದಿದ ಹಿಟ್ಟಿನ ಹಾಗಿರುತ್ತದೆ.

ಇನ್ನೊಂದು ಮಾತು. ಮೊದಲ ಪತ್ರದಲ್ಲಿ ನಿಮ್ಮ ಅಕ್ಷರ ಮುತ್ತು ಪೋಣಿಸಿದಂತಿತ್ತು. ಈಚಿನದರಲ್ಲಿ ಸಾಲು ಕೆಳಗೆ ಜಾರುತ್ತಿದೆ. ಗೆರೆ ಜಾರಿದರೆ ನನ್ನ ಕಣ್ಣಿಗೆ ಬೀಳುತ್ತದೆ, ಕಸುಬು ಅಂಥದ್ದು. ಮೈಯಲ್ಲಿ ಹುಷಾರಿದ್ದೀರಿ ತಾನೆ?

ಇಂತಿ,
ಮಣ್ಣಿನ ಮೇಸ್ತ್ರಿ


ಫೆಬ್ರವರಿ ೨೦

ಮೇಸ್ತ್ರಿಯವರಿಗೆ,

ನನ್ನ ಅಕ್ಷರದ ಉಸಾಬರಿ ನಿಮಗೆ ಬೇಡ. ಬಸ್ಸಿನಲ್ಲಿ ಕೂತು ಬರೆದಿದ್ದೆ.

ನಿಮ್ಮ ಪತ್ರ ಬಂದ ದಿನವೇ ಇನ್ನೊಂದು ಪತ್ರವೂ ಬಂತು. ನಿವೇಶನದ ಎದುರಿಗೆ ಹೊಲಿಗೆ ಅಂಗಡಿಯಿದೆಯಲ್ಲ, ಆ ಟೈಲರಮ್ಮನಿಗೆ ಒಂದು ಕಣ್ಣು ಇಟ್ಟಿರಿ ಎಂದು ನಾನೇ ಹೇಳಿ ಬಂದಿದ್ದೆ. ಆಕೆ ನಮ್ಮವರನ್ನು ನೋಡಿದವಳಲ್ಲ, ನಿಮ್ಮ ಮೇಲೆ ಹಗೆಯಿರುವವಳೂ ಅಲ್ಲ. ಬರೆದದ್ದನ್ನು ಹಾಗೇ ಇಳಿಸುತ್ತೇನೆ:

"ಅಕ್ಕಾ, ನಾನು ಚಾಡಿ ಹೇಳೋಳಲ್ಲ. ಆದ್ರೆ ನೋಡಿದ್ದನ್ನ ಹೇಳ್ದೆ ಇದ್ರೆ ಹೊಟ್ಟೆ ಉಬ್ಬತ್ತೆ. ನಿಮ್ಮ ಮಲಗೋ ಕೋಣೆ ಗೋಡೇಲಿ ನೆಲದಿಂದ ಗೇಣೆತ್ತರಕ್ಕೇ ಕಿಟಕಿ ಬಿಟ್ಟಿದ್ದಾರೆ. ನಮ್ಮ ಬೆಕ್ಕು ಆಗ್ಲೇ ಎರಡು ಸಲ ಒಳಗೆ ಹೋಗಿ ಬಂತು. ಚಪ್ಪರದ ಕೆಳಗೆ ಒಬ್ಬ ಇದ್ದಾನೆ, ತಲೆ ಮೇಲಿಂದ ಒದ್ದೆ ಗೋಣಿ ಹೊದ್ಕೊಂಡು ಮಣ್ಣು ತುಳೀತಾನೆ. ಮುಖ ತೋರ್ಸಲ್ಲ. ಮಾತಾಡ್ಸಕ್ಕೆ ಹೋದ್ರೆ ಆ ಕಡೆ ತಿರುಗ್ತಾನೆ. ಮೇಸ್ತ್ರಿ ಅವನಿಗೆ ತಾನೇ ನೀರು ತಂದ್ಕೊಡ್ತಾನೆ. ಆಳಿಗೆ ನೀರು ತಂದ್ಕೊಡೋ ಮೇಸ್ತ್ರೀನ ನಾನಂತೂ ಕಂಡಿಲ್ಲ."

ಈಗ ಹೇಳಿ. ಮೂರಡಿ ಎಂದು ಬರೆದದ್ದು ಗೇಣು ಹೇಗಾಯಿತು? ಎರಡಡಿ ಮಂಚದ ಮೇಲೆ ಮಲಗುವವರಿಗೆ ಗೇಣೆತ್ತರದ ಕಿಟಕಿಯಿಂದ ಏನು ಪ್ರಯೋಜನ, ಮಂಚದ ಕಾಲಿಗೆ ಸೆಕೆಯಾಗುತ್ತದೆಯೇ? ಮುಖ ಮುಚ್ಚಿಕೊಂಡು ಕೂಲಿ ಬೇಡವೆನ್ನುವವನು ಯಾರು? ಕೂಲಿ ಕೇಳುವವನ ಮೇಲೆ ಒಂದು ಕಣ್ಣಿಟ್ಟರೆ ಸಾಕು, ಬೇಡವೆನ್ನುವವನ ಮೇಲೆ ಎರಡೂ ಇಡಬೇಕು. ನೆಲದ ಮಟ್ಟದ ಕಿಟಕಿ, ಮುಖವಿಲ್ಲದ ಆಳು. ಮನೆಗೆ ಕನ್ನ ಕೊರೆಯುವವರನ್ನು ಕೇಳಿದ್ದೇನೆ, ಕನ್ನ ಇಟ್ಟೇ ಮನೆ ಕಟ್ಟುವವರನ್ನು ಈಗಲೇ ಕೇಳುತ್ತಿರುವುದು.

ಇಂತಿ,
ಒಡತಿ


ಮಾರ್ಚ್ ೨

ಅಮ್ಮನವರಿಗೆ,

ಕಿಟಕಿ ಇರುವ ಜಾಗ ಸರಿಯಾಗಿದೆ. ದಪ್ಪ ಮರದ ಸರಳು ಹಾಕುತ್ತೇನೆ, ಬೆಕ್ಕೂ ನುಗ್ಗಲಾರದು. ನನ್ನ ಹತ್ತಿರ ಒಂದು ನೂಲು ಇದೆ, ಅದರ ಪ್ರಕಾರ ಇಟ್ಟಿದ್ದೇನೆ. ನೂಲಿಗೆ ಸುಳ್ಳು ಹೇಳಲು ಬರುವುದಿಲ್ಲ. ಮನುಷ್ಯರಿಗೆ ಬರುತ್ತದೆ, ಕೆಲವೊಮ್ಮೆ ಒಳ್ಳೆಯದಕ್ಕೇ.

ಆಳಿನ ವಿಚಾರ ಕೇಳಿದ್ದೀರಿ. ಆ ಉತ್ತರ ನನ್ನದಲ್ಲ. ಇನ್ನೊಬ್ಬರದು ನನ್ನ ಜೇಬಿನಲ್ಲಿದೆ, ಅಷ್ಟೇ. ಕಳ್ಳನಲ್ಲ ಎಂದು ಮಾತ್ರ ಹೇಳಬಲ್ಲೆ.

ಎರಡನೆಯ ವರಸೆ ಒಣಗಿದೆ. ಮಲಗುವ ಕೋಣೆಗೆ ಕಂಬ ನಿಲ್ಲಿಸಿ ಮೊದಲೇ ಹುಲ್ಲು ಹೊದಿಸುತ್ತಿದ್ದೇನೆ, ಉಳಿದದ್ದು ಆಮೇಲೆ. ಕಾರಣ ಕೇಳಬೇಡಿ.

ಇಂತಿ,
ಮೇಸ್ತ್ರಿ


ಮಾರ್ಚ್ ೧೧

ಮೇಸ್ತ್ರಿಯವರಿಗೆ,

"ಕಾರಣ ಕೇಳಬೇಡಿ" ಎಂದು ಬರೆಯುವವರಿಗೆ ಕಾರಣ ಇದ್ದೇ ಇರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆ ನಿಮ್ಮ ಪತ್ರ. ನಾನು ಕಳ್ಳ ಎಂಬ ಪದ ಬರೆದೇ ಇರಲಿಲ್ಲ. ನಾನಿಟ್ಟುಕೊಂಡ ನಕಲು ತೆಗೆದು ನೋಡಿದೆ. ಅದು ನೀವೇ ಮೊದಲು ಬರೆದದ್ದು.

ಮೂರು ಮಾತು ಹೇಳುತ್ತೇನೆ. ಆ ಗೋಣಿಯವನನ್ನು ಈ ಪತ್ರ ತಲುಪಿದ ದಿನವೇ ಕಳಿಸಿಬಿಡಿ, ಮತ್ತೆ ನನ್ನ ನಿವೇಶನದೊಳಗೆ ಅವನು ಕಾಲಿಡಬಾರದು. ಆ ಕಿಟಕಿಯನ್ನು ಮುಚ್ಚಿ ಮೂರಡಿಗೆ ಎತ್ತಿ. ಇವೆರಡೂ ಮಾಡಿದ್ದೇನೆಂದು ತಿಂಗಳ ಕೊನೆಯೊಳಗೆ ಬರೆಯದಿದ್ದರೆ ಕಾಂಕ್ರೀಟಿನ ಕಂಟ್ರಾಕ್ಟರು ಬಂದು ನಿಮ್ಮ ಮಣ್ಣನ್ನೆಲ್ಲ ಕೆಡವುತ್ತಾರೆ. ಅವರೊಡನೆ ಮಾತಾಡಿಯಾಗಿದೆ. ತಂಪಿಲ್ಲದಿದ್ದರೂ ಕನ್ನವಿಲ್ಲದ ಮನೆಯಾಗುತ್ತದೆ.

ಬಿಸಿಲು ಏರುತ್ತಿದೆ. ಇಲ್ಲಿ ಮೈನಸ್ ಹದಿನೆಂಟರ ಕೋಣೆಯಲ್ಲಿ ಮೂರು ಸ್ವೆಟರು ಹಾಕಿಕೊಂಡು ನಿಂತಿರುವಾಗಲೂ ನನಗೆ ಅಲ್ಲಿಯ ಬಿಸಿಲಿನದೇ ಯೋಚನೆ. ನಿಮಗೆ ಅದು ತಮಾಷೆಯಾದಂತಿದೆ.

ಒಡತಿ


ಮಾರ್ಚ್ ೨೪

ಮೇಸ್ತ್ರಿಯವರಿಗೆ,

ನಿಮ್ಮ ಉತ್ತರ ಬರಲು ಇನ್ನೂ ದಿನ ಹಿಡಿಯುತ್ತದೆಂದು ಗೊತ್ತು, ಆದರೆ ಕಾಯಲಾಗುತ್ತಿಲ್ಲ. ಪತ್ರ ತಲುಪಿಲ್ಲ ಎಂದು ಹೇಳಲಾರಿರಿ, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳುವ ಅಂಚೆಯಲ್ಲೇ ಕಳಿಸಿದ್ದೆ.

ಇವತ್ತು ನಮ್ಮವರ ಕಾಗದ ಬಂತು, ಹದಿನಾಲ್ಕನೇ ತಾರೀಖು ಬರೆದದ್ದು. ಯಾವಾಗಲೂ ಬರೆಯುವ ಆ ಮೂರು ಮಾತೇ. ಆದರೆ ಮಡಿಕೆಯ ಅಂಚಿನಲ್ಲಿ ಮಣ್ಣಿನ ಹೆಬ್ಬೆರಳ ಗುರುತಿದೆ. ಕೋಣೆ ಬಿಟ್ಟು ಕದಲದ ಮನುಷ್ಯನ ಕೈಗೆ ಕೆಂಪು ಮಣ್ಣು ಎಲ್ಲಿಂದ ಬಂತು? ಅವರನ್ನು ಬಿಸಿಲಲ್ಲಿ ಅಲ್ಲಿಗೆ ಕರೆಸಿ ಏನಕ್ಕಾದರೂ ಸಹಿ ಹಾಕಿಸಿಕೊಂಡಿರಾ? ಫೋನು ಮಾಡಿದರೆ ಅವರು ಎತ್ತುತ್ತಿಲ್ಲ. ಟೈಲರಮ್ಮನೂ ಎತ್ತುತ್ತಿಲ್ಲ, ನೀವೂ ಎತ್ತುತ್ತಿಲ್ಲ. ರಜೆ ಕೇಳಿದೆ, ಕೊಡಲಿಲ್ಲ.

ಎಲ್ಲರೂ ಸೇರಿ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದೀರಿ. ನನಗೆ ಭಯವಾಗುತ್ತಿದೆ. ಒಂದು ಸಾಲಾದರೂ ಬರೆಯಿರಿ.


ಏಪ್ರಿಲ್ ೩

ತಂಗೀ,

ಮೊದಲು ಇದನ್ನು ಓದು: ನಿನ್ನ ಗಂಡ ಬದುಕಿದ್ದಾನೆ. ಹುಷಾರಾಗಿದ್ದಾನೆ. ಈಗ ಕೂತುಕೊಂಡು ಉಳಿದದ್ದನ್ನು ಓದು. ಬಹುವಚನ ಬಿಟ್ಟದ್ದಕ್ಕೆ ಆಮೇಲೆ ಬೈಯಬಹುದು.

ಗೋಣಿ ಹೊದ್ದ ಆಳು ಅವನೇ.

ಜನವರಿಯಲ್ಲಿ, ಹೋಗಬೇಡಿ ಎಂದು ನೀನು ಬರೆದ ಪತ್ರ ಬರುವ ಮೊದಲೇ, ನೂಲು ತರಲು ಅವನ ಕೋಣೆಗೆ ಹೋಗಿದ್ದೆ. ನೀನು ತಂದ ಮಂಚ ಗೋಡೆಗೆ ಒರಗಿ ನಿಂತಿತ್ತು, ಹಾಸಿಗೆ ಸುತ್ತಿಟ್ಟಿತ್ತು. ಆ ಮೆತ್ತನೆಯ ಹಾಸಿಗೆ ಅವನ ಬೆನ್ನಿಗೆ ಒಲೆಯಂತೆ ಕಾಯುತ್ತದೆ. ನೀನು ಹೋದ ವಾರದಿಂದಲೇ ಬರಿಯ ನೆಲದ ಮೇಲೆ ಮಲಗುತ್ತಿದ್ದಾನೆ. "ಅವಳು ಆಸೆಯಿಂದ ತಂದಿದ್ದು ಅಣ್ಣಾ. ಗೊತ್ತಾದ್ರೆ ನೊಂದ್ಕೋತಾಳೆ. ನೀವು ಬಾಯಿ ಬಿಡಬಾರ್ದು" ಎಂದು ಕೈ ಹಿಡಿದುಕೊಂಡ. ನಾನು ಮಾತು ಕೊಟ್ಟೆ. ನೆಲದಿಂದ ಮೂಗಿಗೆ ಅಳೆದೆ. ಗೇಣು.

ಮಾರನೆಯ ದಿನ ತಾನೇ ನಿವೇಶನಕ್ಕೆ ಬಂದ, ನೋಡಿ ಹೋಗುತ್ತೇನೆಂದು. ಕಲಸಿದ ಮಣ್ಣಿನಲ್ಲಿ ಕಾಲಿಟ್ಟವನು ಹೊರಗೆ ಬರಲೇ ಇಲ್ಲ. ಮಂಡಿಯವರೆಗೆ ತಣ್ಣನೆಯ ಕೆಸರು, ಬೆನ್ನ ಮೇಲೆ ಒದ್ದೆ ಗೋಣಿ, ತಲೆಯ ಮೇಲೆ ಗರಿ. "ಒಂದು ವರ್ಷ ಆದ್ಮೇಲೆ ಇವತ್ತು ಮೈ ನನ್ನದು ಅನ್ನಿಸ್ತು" ಎಂದ. ಹಿಟ್ಟು ನಾದಿದ ಕೈಕಾಲು, ಮಣ್ಣು ಬೇಗ ಒಗ್ಗಿತು. ಇದನ್ನೂ ನಿನಗೆ ಹೇಳಬಾರದೆಂದ, ಹೊರಗೆ ಬರುವುದಿಲ್ಲವೆಂದು ನಿನಗೆ ಮಾತು ಕೊಟ್ಟಿದ್ದನಲ್ಲ.

ನಿನ್ನ ಹನ್ನೊಂದನೇ ತಾರೀಖಿನ ಪತ್ರ ಇಪ್ಪತ್ತಕ್ಕೆ ಬಂತು. ಅಂದೇ ಅವನನ್ನು ಕಳಿಸಿದೆ. ಜಾಗ ನಿನ್ನದು, ಮಾತು ನಿನ್ನದು. ನಿಜ ಬರೆದು ತಿಳಿಸೋಣ ಎಂದರೆ ಅವನು ಒಪ್ಪಲಿಲ್ಲ. ನಕ್ಕು ಹೊರಟುಹೋದ. ನಾನು ಮುದುಕ, ನಾನಾದರೂ ತಡೆಯಬೇಕಿತ್ತು. ನಿನ್ನ ಪತ್ರ ಓದಿ ನನಗೂ ಸಿಟ್ಟು ಬಂದಿತ್ತು, ಅನುಭವಿಸಲಿ ಎನ್ನುವಷ್ಟು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಎರಡನೆಯ ದಿನ ಮನಸ್ಸು ತಡೆಯದೆ ಮಧ್ಯಾಹ್ನ ಅವನ ಕೋಣೆಗೆ ಹೋದೆ. ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ನೆಲದ ಮೇಲೆ ಬಿದ್ದಿದ್ದ, ಮೈ ಒಣಗಿ ಕಾದಿತ್ತು, ಒಲೆ ಆರಿಸು ಒಲೆ ಆರಿಸು ಎಂದು ತೊದಲುತ್ತಿದ್ದ. ಟೈಲರಮ್ಮನ ಗಂಡನ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗಿಂತ ಹತ್ತಿರವಿದ್ದ ನಿನ್ನ ನಿವೇಶನಕ್ಕೇ ತಂದೆವು. ಹುಲ್ಲು ಹೊದಿಸಿದ್ದ ಆ ಒಂದು ಕೋಣೆಯಲ್ಲಿ, ಆ ಕಿಟಕಿಯ ಪಕ್ಕ, ನೆಲದ ಮೇಲೆ ಮಲಗಿಸಿ ಒದ್ದೆ ಬಟ್ಟೆ ಹೊದಿಸಿ ಬೀಸಿದೆವು. ಡಾಕ್ಟರನ್ನು ಅಲ್ಲಿಗೇ ಕರೆಸಿದೆವು. ಅವರು ಬರುವ ಹೊತ್ತಿಗೆ ಕಣ್ಣು ಬಿಟ್ಟಿದ್ದ. ಐದು ದಿನ ಆಸ್ಪತ್ರೆಯಲ್ಲಿದ್ದ. ಏಳುವಂತಾಗುವವರೆಗೆ ನಿನಗೆ ತಿಳಿಸುವುದು ಬೇಡವೆಂದು ಅವನು, ತಿಳಿಸೋಣವೆಂದು ಟೈಲರಮ್ಮ, ನಡುವೆ ನಾನು. ಅವನ ಮಾತೇ ಗೆದ್ದಿತು, ಅದಕ್ಕೇ ಯಾರೂ ಫೋನು ಎತ್ತಲಿಲ್ಲ. ಈಗ ಆ ಕೋಣೆಯಲ್ಲೇ ಮಲಗುತ್ತಿದ್ದಾನೆ. ಕಂಟ್ರಾಕ್ಟರು ಬಂದಿದ್ದರು. ಮಲಗಿದವನನ್ನು ಕಿಟಕಿಯಿಂದ ಬಗ್ಗಿ ನೋಡಿ, ತಮ್ಮ ಆಳುಗಳನ್ನು ಕರೆದುಕೊಂಡು ವಾಪಸು ಹೋದರು.

ಈಗ ನನ್ನ ಸರದಿ. ನನಗೂ ಅನುಮಾನ ಪಡುವ ಹಕ್ಕಿದೆ. ನಿನ್ನ ಕೊನೆಯ ಪತ್ರದ ಅಕ್ಷರ ಓದಲು ನನಗೆ ಅರ್ಧ ದಿನ ಹಿಡಿಯಿತು. ಬಸ್ಸಿನಲ್ಲಿ ಬರೆದದ್ದೆಂದು ಮತ್ತೆ ಹೇಳಬೇಡ. ನೀನು ಏನು ಮುಚ್ಚಿಡುತ್ತಿದ್ದೀಯ? ಅಡುಗೆಮನೆಯ ಒಲೆಯ ಹಿಂದಿನ ಗೋಡೆಯನ್ನು ಹಾಗೇ ನಿಲ್ಲಿಸಿದ್ದೇನೆ. ನಿನ್ನ ನೂಲು ಬರುವವರೆಗೆ ಅದು ಏಳುವುದಿಲ್ಲ.

ಇಂತಿ,
ಮಾತು ಕೊಡಬಾರದ ಕಡೆ ಕೊಟ್ಟ ಮೇಸ್ತ್ರಿ


ಏಪ್ರಿಲ್ ೧೪

ಮೇಸ್ತ್ರಿಯಣ್ಣನಿಗೆ,

ಈ ಅಕ್ಷರ ನನ್ನದಲ್ಲ. ನಾನು ಹೇಳುತ್ತಿದ್ದೇನೆ, ಕೋಣೆಯ ಜೊತೆಗಾತಿ ಬರೆಯುತ್ತಿದ್ದಾಳೆ. ಚಳಿಗೆ ನನ್ನ ಬಲಗೈಯ ನಾಲ್ಕು ಬೆರಳು ಮರಗಟ್ಟಿವೆ. ಡಿಸೆಂಬರಿನಿಂದಲೇ ಶುರುವಾಗಿತ್ತು. ಈಗ ಪೆನ್ನು ಹಿಡಿದರೆ ಹಿಡಿದದ್ದು ಗೊತ್ತಾಗುವುದಿಲ್ಲ. ಹೇಳಿದರೆ ಅವರು ಅಲ್ಲಿ ಕೊರಗುತ್ತಾರೆಂದು ಹೇಳಲಿಲ್ಲ. ಅವರು ಮಂಚದ ವಿಷಯ ಮುಚ್ಚಿಟ್ಟರೆಂದು ನಾನು ಯಾವ ಬಾಯಲ್ಲಿ ಬೈಯಲಿ? ಇಬ್ಬರೂ ಒಂದೇ ಗಡಿಗೆಯ ಮಣ್ಣು.

ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಅವರು ತಣ್ಣಗಿದ್ದ ಒಂದೇ ಜಾಗದಿಂದ ನಾನೇ ಅವರನ್ನು ಎಬ್ಬಿಸಿ ಆ ತಗಡಿನ ಕೆಳಗೆ ಅಟ್ಟಿದೆ. ಯಾರೂ ಕನ್ನ ಹಾಕದಂತೆ ಕಾಯುತ್ತಾ ಕೂತವಳು ನಾನು, ನನ್ನ ಕೈಯೇ ಒಳಗೆ ಹೋಗಿತ್ತು. ಅಳು ಬಂತು, ಅತ್ತೆ. ನಿಮ್ಮ ಸಿಟ್ಟನ್ನೂ ಬರೆದಿರಲ್ಲ, ಅದು ಒಳ್ಳೆಯದಾಯಿತು. ಇಲ್ಲದಿದ್ದರೆ ಇಷ್ಟು ಒಳ್ಳೆಯವರು ಇರುತ್ತಾರೆಯೇ ಎಂದು ಮತ್ತೆ ಅನುಮಾನ ಶುರುವಾಗುತ್ತಿತ್ತು.

ನನ್ನ ಪತ್ರಗಳನ್ನು ಸಾಕ್ಷಿಗೆ ಇಟ್ಟುಕೊಳ್ಳಿ ಎಂದಿದ್ದೆ. ಹನ್ನೊಂದನೇ ಮಾರ್ಚಿನದನ್ನು ಚೂರು ಚೂರು ಮಾಡಿ ಒಲೆಯ ಗೋಡೆಯ ಮಣ್ಣಿಗೆ ಹಾಕಿ. ಮಣ್ಣು ಬಿರಿಯದಂತೆ ಬೆರೆಸುವ ಹುಲ್ಲಿನ ಕೆಲಸವನ್ನಾದರೂ ಮಾಡಲಿ. ತುಳಿಯುವುದು ಮಾತ್ರ ಅವರೇ ತುಳಿಯಲಿ.

ಇಲ್ಲಿಯ ಡಾಕ್ಟರು ಚೀಟಿ ಕೊಟ್ಟಿದ್ದಾರೆ, ಕರಾರು ಬಿಡಿಸಿಕೊಂಡು ಮೇ ಹತ್ತಕ್ಕೆ ಬರುತ್ತೇನೆ. ಅವರಿಗೆ ಈ ಪತ್ರ ಓದಿ ಹೇಳಿ, ಬೆರಳಿನ ವಿಷಯವೂ ಸೇರಿ. ನಿನ್ನೆ ಎಲ್ಲಿ ಮಲಗಿದ್ದರು ಎಂದು ಅವರ ಕೈಯಿಂದಲೇ ಬರೆಸಿ ಕಳಿಸಿ. ನಿಮ್ಮಿಬ್ಬರ ಮೇಲೆ ನನಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ನೂಲು ಈ ಪತ್ರದೊಳಗಿದೆ. ಅಳತೆ ನನ್ನದು, ಗಂಟು ಜೊತೆಗಾತಿಯದು. ಒಂದು ತುದಿಯಿಂದ ಮೊದಲ ಗಂಟಿಗೆ, ಕೂತಾಗ ನೆಲದಿಂದ ಮಂಡಿ. ಎರಡನೆಯ ಗಂಟು, ಮಂಡಿಯ ಮೇಲೆ ಚಾಚಿದ ಕೈಯ ಉದ್ದ, ಒಲೆಯ ಹಿಂದಿನ ಬೆಚ್ಚನೆಯ ಗೋಡೆಗೆ ಬೆರಳು ತಾಗುವಷ್ಟು. ಮೂರನೆಯದನ್ನು ನೀವು ಕೇಳಿರಲಿಲ್ಲ. ಮಲಗಿದಾಗ ನನ್ನ ಭುಜದಿಂದ ಭುಜಕ್ಕೆ. ನನಗೆ ಗಾಳಿ ತಾಗಬಾರದು, ಅವರಿಗೆ ತಾಗಬೇಕು. ಆ ಕಿಟಕಿಯ ಪಕ್ಕ, ಅವರ ಆಚೆ ಬದಿಯಲ್ಲಿ, ನೆಲದ ಮೇಲೆ ಇಷ್ಟು ಜಾಗ ಉಳಿಯುತ್ತದೆಯೇ, ಹಿಡಿದು ನೋಡಿ ಬರೆಯಿರಿ.

ಇಂತಿ,
ನಿಮ್ಮ ಗೋಣಿಯಾಳಿನ ಹೆಂಡತಿ